ಹೆಣ್ಣುಮಕ್ಕಳ ಉಡುಪು: ಮಾನವೂ ಇರಲಿ, ಚಂದವೂ ಇರಲಿ

ಪೆರ್ನಾಲ್‌ಗೆ ಹತ್ತು ದಿನ ಇರುವಾಗ ಗಲ್ಫಿನ ಯಾವ ಪೇಟೆಗೆ ಹೋದರೂ ನಮ್ಮವರು ಕಾಣಸಿಗುತ್ತಾರೆ. ದುಬೈಯ ನೈಫ್, ಮೀನಾ ಬಜಾರ್, ಶಾರ್ಜಾದ ರೋಲಾ, ಜಿದ್ದಾದ ಬಲದ್, ರಿಯಾದಿನ ಬತ್ಹಾ, ಕುವೈತಿನ ಮುಬಾರಕಿಯಾ, ಮನಾಮದ ಸೂಕ್, ಮಸ್ಕತ್ತಿನ ರೂವಿ, ಎಲ್ಲಿಯೂ ಒಂದೇ ದೃಶ್ಯ. ಗಂಡುಮಕ್ಕಳ ಖರೀದಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಂದು ಪ್ಯಾಂಟ್, ಒಂದು ಶರ್ಟ್, ಇಲ್ಲದಿದ್ದರೆ ಒಂದು ಬಿಳಿ ಕಂದೂರ. ಹೆಣ್ಣುಮಕ್ಕಳದ್ದು ಮಾತ್ರ ಮೂರು ದಿನವಾದರೂ ಮುಗಿಯುವುದಿಲ್ಲ. ಚಂದ ಕಂಡದ್ದಕ್ಕೆ ತೋಳಿಲ್ಲ. ತೋಳಿದ್ದದ್ದಕ್ಕೆ ಉದ್ದ ಇಲ್ಲ. ತೋಳೂ ಉದ್ದವೂ ಇದ್ದದ್ದು ಮಗಳಿಗೆ ಬೇಡ, "ಇದು ಉಮ್ಮನ ಡ್ರೆಸ್ಸಿನ ಹಾಗೆ ಉಂಟು" ಎನ್ನುತ್ತಾಳೆ. ಕೊನೆಗೆ ಅಂಗಡಿ ಮುಚ್ಚುವ ಹೊತ್ತಿಗೆ ಯಾವುದೋ ಒಂದನ್ನು ಹಿಡಿದುಕೊಂಡು ಬರುವುದು, ಮನೆಗೆ ಬಂದು ಮುಖ ಊದಿಸುವುದು.

ಇದು ಸಣ್ಣ ವಿಷಯ ಎಂದು ಹಲವರಿಗೆ ಕಾಣಬಹುದು. ಇಕಾಮ ನವೀಕರಣ, ಸಂಬಳ ಬಾಕಿ, ಊರಿನ ಮನೆ ಕಟ್ಟುವ ಸಾಲ, ಇಷ್ಟೆಲ್ಲ ಇರುವಾಗ ಮಗುವಿನ ಫ್ರಾಕಿನ ಬಗ್ಗೆ ಬರೆಯಬೇಕೇ ಎಂದು ಕೇಳುವವರಿದ್ದಾರೆ. ಬರೆಯಬೇಕು ಎಂದೇ ನಮ್ಮ ಅಭಿಪ್ರಾಯ. ಎಂಟರಿಂದ ಹದಿನಾಲ್ಕು ವರ್ಷದ ಹೆಣ್ಣುಮಗಳು ತನ್ನ ಬಗ್ಗೆ ತಾನು ಎಂತ ತಿಳಿದುಕೊಳ್ಳುತ್ತಾಳೆ ಎಂಬುದು ಬಹಳ ಮಟ್ಟಿಗೆ ಕನ್ನಡಿಯ ಮುಂದೆಯೇ ತೀರ್ಮಾನವಾಗುತ್ತದೆ. ಆ ಹೊತ್ತಿನಲ್ಲಿ ಅಂಗಡಿಯವನು ಒಂದು ಹೇಳುತ್ತಾನೆ, ಮೊಬೈಲ್ ಒಂದು ಹೇಳುತ್ತದೆ, ನೆಂಟರು ಇನ್ನೊಂದು ಹೇಳುತ್ತಾರೆ. ಉಮ್ಮ ಉಪ್ಪನ ಮಾತು ಇದರ ನಡುವೆ ಹೇಗೆ ಕೇಳಿಸಬೇಕು ಎಂಬುದೇ ನಮ್ಮ ಚರ್ಚೆ.

ಅಂಗಡಿಯಲ್ಲಿ ಎಂತ ಉಂಟು, ಎಂತ ಇಲ್ಲ

ಐದಾರು ವರ್ಷದವರೆಗೆ ತೊಂದರೆ ಇಲ್ಲ. ಎಲ್ಲ ಉಡುಪೂ ಮಗುವಿಗೆ ಚಂದವೇ. ಕಷ್ಟ ಶುರುವಾಗುವುದು ಎಂಟು ವರ್ಷ ದಾಟಿದ ಮೇಲೆ. ರೆಡಿಮೇಡ್ ಕಂಪೆನಿಗಳು ಆ ವಯಸ್ಸಿನ ಮಗುವನ್ನು ಮಗುವೆಂದು ನೋಡುವುದನ್ನು ಬಿಡುತ್ತವೆ. ಯುವತಿಯರ ಫ್ಯಾಶನ್ ಯಾವುದೋ ಅದನ್ನೇ ಸಣ್ಣ ಅಳತೆಗೆ ಇಳಿಸಿ ನೇತು ಹಾಕುತ್ತವೆ. ಭುಜ ತೆರೆದ ಟಾಪ್, ಹೊಟ್ಟೆಯ ಮೇಲೆ ನಿಲ್ಲುವ ಶರ್ಟ್, ಕಾಲಿಗೆ ಅಂಟಿದ ಲೆಗಿಂಗ್ಸ್. ಒಂದೇ ಅಂಗಡಿಯಲ್ಲಿ ಒಂದೇ ವಯಸ್ಸಿನ ಗಂಡುಮಗುವಿನ ಚಡ್ಡಿಯನ್ನೂ ಹೆಣ್ಣುಮಗುವಿನ ಚಡ್ಡಿಯನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಗಂಡುಮಗುವಿನದ್ದು ಹೆಚ್ಚಾಗಿ ಮೊಣಕಾಲಿನವರೆಗೆ ಬರುತ್ತದೆ, ಜೇಬು ಉಂಟು, ಓಡಲಿಕ್ಕೆ ಸಡಿಲ ಉಂಟು. ಹೆಣ್ಣುಮಗುವಿನದ್ದು ಅದರ ಅರ್ಧ, ಜೇಬು ಬರೀ ಹೊಲಿಗೆಯ ಗೆರೆ. ಇದು ಬೇರೆ ಧರ್ಮದ, ಬೇರೆ ದೇಶದ ತಾಯಂದಿರೂ ಹೇಳುವ ದೂರು. ನಮ್ಮ ಪಕ್ಕದ ಫ್ಲಾಟಿನ ಮಲಯಾಳಿ ಕ್ರಿಶ್ಚಿಯನ್ ತಾಯಿಯನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಹಾಗಾಗಿ ಮೈ ಮುಚ್ಚುವ ಉಡುಪು ಹುಡುಕುವುದೆಂದರೆ ಹಿಂದುಳಿದವರ ಹಠ ಎಂದು ಯಾರೂ ನಾಚಿಕೊಳ್ಳಬೇಕಾಗಿಲ್ಲ.

ಇನ್ನೊಂದು ಕಡೆ "ಮಾಡೆಸ್ಟ್ ಫ್ಯಾಶನ್" ಎಂಬ ದೊಡ್ಡ ಮಾರುಕಟ್ಟೆಯೇ ಎದ್ದು ನಿಂತಿದೆ. 2015ರಲ್ಲಿ ಜಪಾನಿನ ಯುನಿಕ್ಲೋ ಕಂಪೆನಿ ಹಾನಾ ತಾಜಿಮಾ ಎಂಬ ಮುಸ್ಲಿಂ ವಿನ್ಯಾಸಕಿಯ ಜೊತೆ ಸೇರಿ ಉದ್ದ ಉಡುಪು, ಹಿಜಾಬ್‌ಗಳನ್ನು ತಂದಿತು. 2016ರಲ್ಲಿ ಇಟಲಿಯ ಡೋಲ್ಚೆ ಅಂಡ್ ಗಬ್ಬಾನಾ ಅಬಾಯಾ ಮಾಡಿತು. 2017ರಲ್ಲಿ ನೈಕಿ ಕ್ರೀಡಾ ಹಿಜಾಬ್ ಮಾರಾಟಕ್ಕಿಟ್ಟಿತು. ಕೇಳಲಿಕ್ಕೆ ಸಂತೋಷ. ಆದರೆ ಇದರಲ್ಲಿ ಹೆಚ್ಚಿನದ್ದು ದೊಡ್ಡವರಿಗೆ, ಅದರಲ್ಲೂ ಕಿಸೆ ದೊಡ್ಡದಿದ್ದವರಿಗೆ. ಹತ್ತು ವರ್ಷದ ಮಗಳಿಗೆ ಸೂಪರ್ ಮಾರ್ಕೆಟಿನ ಕೌಂಟರಿನಲ್ಲೋ ಗೋದಾಮಿನಲ್ಲೋ ದುಡಿಯುವ ಉಪ್ಪ ಕೊಡಬಹುದಾದ ಬೆಲೆಯಲ್ಲಿ ತುಂಬುತೋಳಿನ, ಮೊಣಕಾಲು ದಾಟುವ, ನೋಡಲಿಕ್ಕೂ ಲಕ್ಷಣವಾದ ಒಂದು ಉಡುಪು ಬೇಕೆಂದರೆ ಇವತ್ತಿಗೂ ಅಲೆಯಬೇಕು.

ಎರಡು ಸುಲಭದ ದಾರಿಗಳು

ಈ ಅಲೆದಾಟ ಬೇಡವೆಂದು ನಮ್ಮಲ್ಲಿ ಎರಡು ಸುಲಭದ ದಾರಿಗಳು ಆಗಿಬಿಟ್ಟಿವೆ. ಎರಡರ ಬಗ್ಗೆಯೂ ನಮಗೆ ಸಮಾಧಾನ ಇಲ್ಲ.

ಮೊದಲನೆಯದು, "ಸಣ್ಣ ಮಗು ಅಲ್ವಾ, ಎಂತ ಹಾಕಿದರೂ ಆಗುತ್ತದೆ" ಎನ್ನುವುದು. ಹನ್ನೆರಡು ವರ್ಷದವರೆಗೆ ಸಿಕ್ಕಿದ್ದನ್ನೆಲ್ಲ ತೊಡಿಸಿ, ಫೋಟೋ ತೆಗೆದು, ಸ್ಟೇಟಸ್ ಹಾಕಿ, ಒಂದು ದಿನ ಇದ್ದಕ್ಕಿದ್ದ ಹಾಗೆ "ಇನ್ನು ನೀನು ದೊಡ್ಡವಳು, ನಾಳೆಯಿಂದ ಬುರ್ಖಾ" ಎಂದರೆ ಆ ಮಗುವಿಗೆ ಹೇಗೆ ಆಗಬೇಡ? ನಿನ್ನೆಯವರೆಗೆ ಚಂದವೆಂದು ಹೊಗಳಿದ ದೇಹ ಇವತ್ತು ಅಡಗಿಸಿಡಬೇಕಾದ ಸಮಸ್ಯೆ ಆಯಿತಲ್ಲ ಎಂದು ಅವಳಿಗೆ ಅನ್ನಿಸಿದರೆ ತಪ್ಪು ಅವಳದ್ದಲ್ಲ. ಲಜ್ಜೆ ಎಂಬುದು ಕರೆಂಟಿನ ಸ್ವಿಚ್ ಅಲ್ಲ, ಒತ್ತಿದ ಕೂಡಲೇ ಉರಿಯಲಿಕ್ಕೆ.

ಎರಡನೆಯದು, ನಾಲ್ಕೈದು ವರ್ಷದ ಮಗುವಿಗೇ ದೊಡ್ಡವರ ಅಬಾಯಾದ ಸಣ್ಣ ರೂಪವನ್ನು ತೊಡಿಸಿ "ಮಾಶಾ ಅಲ್ಲಾಹ್" ಎನ್ನುವುದು. ಮಗು ಆಸೆಪಟ್ಟು ಉಮ್ಮನ ಹಾಗೆ ಉಟ್ಟುಕೊಂಡರೆ ಅದು ಆಟ, ಬೇಡ ಎನ್ನುವವರಿಲ್ಲ. ಆದರೆ ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಈ ಊರುಗಳಲ್ಲಿ ಪಾಲಿಯೆಸ್ಟರಿನ ಕಪ್ಪು ಬಟ್ಟೆಯೊಳಗೆ ಸಣ್ಣ ಮಗುವನ್ನು ದಿನವಿಡೀ ಇಡುವುದು, ಪಾರ್ಕಿನಲ್ಲಿ ತಮ್ಮ ಜಾರುಬಂಡೆ ಆಡುವಾಗ ಅವಳನ್ನು ಬೆಂಚಿನಲ್ಲಿ ಕೂರಿಸುವುದು, ಇದು ಅಭ್ಯಾಸ ಮಾಡಿಸುವುದಲ್ಲ. ಪ್ರಾಯಕ್ಕೆ ಬಂದ ನಂತರದ ಕಡ್ಡಾಯ ಬೇರೆ, ಅದಕ್ಕೆ ಮುಂಚಿನ ತರಬೇತಿ ಬೇರೆ. ಮಸ್‌ಅಲ ಬೇಕಾದವರು ಉಸ್ತಾದರಲ್ಲಿ ಕೇಳಿಕೊಳ್ಳಲಿ. ನಾವು ಹೇಳುವುದು ಇಷ್ಟೆ: ನಮಾಝನ್ನು ಏಳು ವರ್ಷದಿಂದ ಮೆಲ್ಲಮೆಲ್ಲಗೆ ಕಲಿಸುವ ಹಾಗೆ ಉಡುಪಿನ ಶಿಸ್ತನ್ನೂ ಮೆಲ್ಲಮೆಲ್ಲಗೆ, ಪ್ರೀತಿಯಿಂದ ಕಲಿಸಬಹುದು.

ಉಮ್ಮು ಖಾಲಿದ್‌ಗೆ ಸಿಕ್ಕಿದ ಉಡುಪು

ಬುಖಾರಿಯಲ್ಲಿ ಒಂದು ಹದೀಸ್ ಉಂಟು. ಅನಿವಾಸಿಗಳಾದ ನಮಗೆ ಅದು ವಿಶೇಷವಾಗಿ ಹತ್ತಿರದ್ದು. ಮಕ್ಕಾದ ಕಿರುಕುಳ ತಾಳಲಾರದೆ ಹಬಶ ದೇಶಕ್ಕೆ, ಅಂದರೆ ಇಂದಿನ ಇಥಿಯೋಪಿಯಾ ಕಡೆಗೆ, ವಲಸೆ ಹೋದವರಲ್ಲಿ ಖಾಲಿದ್ ಬಿನ್ ಸಈದ್ (ರ) ಒಬ್ಬರು. ಅವರಿಗೆ ಅಲ್ಲಿಯೇ ಹುಟ್ಟಿದ ಮಗಳು ಉಮ್ಮು ಖಾಲಿದ್ (ರ). ಪರದೇಶದಲ್ಲಿ ಹುಟ್ಟಿ ಬೆಳೆದು ತಂದೆ ತಾಯಿಯ ಜೊತೆ ಮದೀನಕ್ಕೆ ಬಂದ ಸಣ್ಣ ಹುಡುಗಿ. ಒಂದು ದಿನ ಪ್ರವಾದಿಯವರಿಗೆ (ಸ) ಕೆಲವು ಬಟ್ಟೆಗಳು ಬಂದವು. ಅದರಲ್ಲಿ ಅಂಚಿಗೆ ಬಣ್ಣದ ಚಿತ್ತಾರವಿದ್ದ ಒಂದು ಸಣ್ಣ ಕರಿ ಉಡುಪು ಇತ್ತು. ಇದು ಯಾರಿಗೆ ಕೊಡುವುದೆಂದು ಸಭೆಯಲ್ಲಿ ಕೇಳಿ, ಉಮ್ಮು ಖಾಲಿದ್‌ರನ್ನು ಕರೆಸಿ, ತಮ್ಮ ಕೈಯಿಂದಲೇ ತೊಡಿಸಿ, ಬಹುಕಾಲ ಉಟ್ಟು ಹಳತು ಮಾಡುವಂತಾಗಲಿ ಎಂದು ಹಾರೈಸಿದರು. ನಂತರ ಆ ಚಿತ್ತಾರವನ್ನು ತೋರಿಸಿ "ಸನಾ" ಎಂದರು. ಹಬಶಿ ಭಾಷೆಯಲ್ಲಿ ಹಾಗೆಂದರೆ ಚಂದ ಎಂದು ಅರ್ಥ.

ಇದರಲ್ಲಿ ಎಷ್ಟು ವಿಷಯ ಉಂಟು ನೋಡಿ. ಮಗುವಿಗೆ ಉಡುಪು ಕೊಡುವಾಗ ಅದರ ಚಂದವನ್ನು ಮಗುವಿಗೆ ತೋರಿಸಿಕೊಟ್ಟದ್ದು. ಮಗು ಎಲ್ಲಿ ಬೆಳೆಯಿತೋ ಆ ಊರಿನ ಮಾತಿನಲ್ಲಿ ಹೇಳಿದ್ದು. ಮಾನದ ಜೊತೆ ಚಂದವೂ ಬೇಕು ಎಂಬುದಕ್ಕೆ ಇದಕ್ಕಿಂತ ಎಂತ ಬೇಕು? ಪವಿತ್ರ ಕುರ್‌ಆನಿನ ಏಳನೆಯ ಅಧ್ಯಾಯದಲ್ಲಿಯೂ ಉಡುಪನ್ನು ಮಾನ ಮುಚ್ಚಲಿಕ್ಕೆ ಮತ್ತು ಅಲಂಕಾರಕ್ಕೆ ಎಂದು ಎರಡೂ ಸೇರಿಸಿಯೇ ಹೇಳಲಾಗಿದೆ. ತಖ್ವಾದ ಉಡುಪು ಎಲ್ಲದಕ್ಕಿಂತ ಉತ್ತಮ ಎಂದು ಅದರ ಜೊತೆಗೇ ಬರುತ್ತದೆ. ಅದೇ ಅಧ್ಯಾಯದಲ್ಲಿ ದುಂದು ಬೇಡ ಎಂಬ ಎಚ್ಚರಿಕೆಯೂ ಉಂಟು. ಮಾನ, ಚಂದ, ಮಿತವ್ಯಯ. ಈ ಮೂರನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಅರ್ಧ ಗೊಂದಲ ಕಳೆಯುತ್ತದೆ.

ಬಣ್ಣಕ್ಕೆ ಏಕೆ ಹೆದರಿಕೆ?

ಮೈ ಮುಚ್ಚುವುದೆಂದರೆ ಕಪ್ಪು, ಕಪ್ಪೆಂದರೆ ಮೈ ಮುಚ್ಚುವುದು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಬ್ಯಾರಿ ಅಜ್ಜಿಯರನ್ನು ನೆನಪಿಸಿಕೊಳ್ಳಿ. ತುಣಿ, ಕುಪ್ಪಾಯ, ತಲೆಗೆ ವಸ್ತ್ರ, ಹೊರಗೆ ಹೊರಟರೆ ಮೇಲಿಂದ ವಲ್ಲಿ. ಮೈಯೂ ಮುಚ್ಚುತ್ತಿತ್ತು, ಕರಾವಳಿಯ ಸೆಕೆಗೂ ಆಗುತ್ತಿತ್ತು, ನೋಡಲಿಕ್ಕೂ ಲಕ್ಷಣವಾಗಿತ್ತು. ಕಪ್ಪು ಬುರ್ಖಾ ನಮ್ಮಲ್ಲಿ ಮನೆಮನೆಯ ಉಡುಪಾದದ್ದು ಗಲ್ಫಿನ ಕಾಲದಲ್ಲಿ. ಅದು ಬೇಡವೆಂದು ಹೇಳುತ್ತಿಲ್ಲ, ಇಷ್ಟಪಟ್ಟು ಉಡುವವರು ಉಡಲಿ. ಆದರೆ ಅದೊಂದೇ ದಾರಿ ಎಂದು ಸಣ್ಣ ಹುಡುಗಿಯರ ಮೇಲೆ ಹಾಕುವುದು ಬೇಡ.

ನಾವು ಯಾರನ್ನು ನೋಡಿ ಕಪ್ಪು ಕಲಿತೆವೋ ಆ ಅರಬರೇ ತಮ್ಮ ಸಣ್ಣ ಹೆಣ್ಣುಮಕ್ಕಳಿಗೆ ಎಂತ ತೊಡಿಸುತ್ತಾರೆ? ಶಅಬಾನಿನ ನಡುವಿಗೆ ಯುಎಇಯಲ್ಲಿ ಹಗ್ ಅಲ್ ಲೈಲಾ ಬರುತ್ತದೆ. ರಮಳಾನಿನ ನಡುವಿಗೆ ಕತಾರಿನಲ್ಲಿ ಗರಂಗಾವ್, ಕುವೈತ್, ಬಹರೈನ್, ಸೌದಿಯ ಪೂರ್ವ ಭಾಗದಲ್ಲಿ ಗರ್ಗೀಆನ್. ಮಕ್ಕಳು ಚೀಲ ಹಿಡಿದು ಮನೆಮನೆಗೆ ಹೋಗಿ ಸಿಹಿ, ಬೀಜ ಸಂಗ್ರಹಿಸುವ ಹಬ್ಬ. ಆ ದಿನ ಅಲ್ಲಿಯ ಹುಡುಗಿಯರನ್ನು ನೋಡಿ. ಹಸಿರು, ಕೆಂಪು, ನೀಲಿ ಜಲಾಬಿಯಾ, ತಲೆಗೆ ಜರಿ ಕಸೂತಿಯ ಬುಖ್ನಕ್. ತೋಳು ಮುಚ್ಚಿದೆ, ಕಾಲು ಮುಚ್ಚಿದೆ, ಸಡಿಲವಾಗಿದೆ, ಬಣ್ಣವೋ ಬಣ್ಣ. ಮಲೇಶಿಯಾದಲ್ಲಿ ಬಾಜು ಕುರುಂಗ್ ಎಂಬ ಉದ್ದ ಅಂಗಿ, ಉದ್ದ ಲಂಗ ಶಾಲಾ ಸಮವಸ್ತ್ರವೇ ಆಗಿದೆ. ನಮ್ಮ ಚೂಡಿದಾರ್ ಎಂತ ಕಡಿಮೆ?

ಕೊಳ್ಳುವವರಿಗೆ ಕೆಲವು ಮಾತು

ಬರೀ ಉಪದೇಶ ಮಾಡಿ ಪುಟ ತುಂಬಿಸಿದರೆ ಓದುಗರು ಬಿಡುವುದಿಲ್ಲ. ಅನುಭವಸ್ಥ ತಾಯಂದಿರು ಹೇಳಿದ್ದನ್ನೂ ನಾವು ಮಾಡಿ ನೋಡಿದ್ದನ್ನೂ ಇಲ್ಲಿ ಹೇಳುತ್ತೇವೆ.

ಒಂದು, ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಇಲ್ಲಿ ಒಬ್ಬರೇ ಇರುವ ಸಹೋದರರಿಗೆ. ಮಗಳ ವಯಸ್ಸು ಹೇಳಿ ಬಟ್ಟೆ ತೆಗೆಯಬೇಡಿ, ಎತ್ತರ ಕೇಳಿ. ಇಲ್ಲಿಯ ಹೆಚ್ಚಿನ ರೆಡಿಮೇಡ್ ಉಡುಪುಗಳ ಚೀಟಿಯಲ್ಲಿ ವಯಸ್ಸಿನ ಜೊತೆ 122, 128, 134, 140, 146, 152 ಎಂದು ಸಂಖ್ಯೆ ಇರುತ್ತದೆ. ಅದು ಮಗುವಿನ ಎತ್ತರ, ಸೆಂಟಿಮೀಟರಿನಲ್ಲಿ. ಮನೆಯಲ್ಲಿ ಗೋಡೆಗೆ ನಿಲ್ಲಿಸಿ ಅಳೆದು ಹೇಳಲಿಕ್ಕೆ ಹೆಂಡತಿಗೆ ಎರಡು ನಿಮಿಷ ಸಾಕು. ಭುಜದ ಅಗಲ, ಭುಜದಿಂದ ಮೊಣಕಾಲಿನವರೆಗಿನ ಉದ್ದ, ತೋಳಿನ ಉದ್ದ, ಈ ಮೂರನ್ನೂ ಬರೆದು ಕಳಿಸಲಿಕ್ಕೆ ಹೇಳಿ. ರಜೆಗೆ ಆರು ತಿಂಗಳು ಇರುವಾಗ ತೆಗೆಯುವುದಾದರೆ ಒಂದು ಅಳತೆ ದೊಡ್ಡದು ತೆಗೆಯಿರಿ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಉಪ್ಪನ ಕಣ್ಣಿನಲ್ಲಿ ಮಗಳು ಹಳೆಯ ಎತ್ತರದಲ್ಲೇ ಇರುತ್ತಾಳೆ. ಆಸೆಯಿಂದ ಹೊತ್ತುಕೊಂಡು ಹೋದದ್ದು ತೋಳಿಗೆ ಹತ್ತದೆ ಕಪಾಟಿನಲ್ಲಿ ಉಳಿದರೆ ಬೇಜಾರು ಇಬ್ಬರಿಗೂ.

ಎರಡು, ಹೊತ್ತು ನೋಡಿ ಕೊಳ್ಳಿ. ಮೇಲೆ ಹೇಳಿದ ಅರಬ್ ಮಕ್ಕಳ ಹಬ್ಬದ ವಾರಗಳಲ್ಲಿ ಇಲ್ಲಿಯ ಸೂಕ್‌ಗಳಲ್ಲಿಯೂ ದೊಡ್ಡ ಸೂಪರ್ ಮಾರ್ಕೆಟುಗಳಲ್ಲಿಯೂ ಹುಡುಗಿಯರ ಜಲಾಬಿಯಾ, ಉದ್ದ ಗೌನು ರಾಶಿ ಬೀಳುತ್ತದೆ. ವರ್ಷದ ಬೇರೆ ಸಮಯದಲ್ಲಿ ಅದು ಸಿಗುವುದು ಕಷ್ಟ. ಹಬ್ಬ ಕಳೆದ ಮೇಲೆ ಉಳಿದದ್ದನ್ನು ಕಡಿಮೆ ಬೆಲೆಗೆ ಬಿಡುವುದೂ ಉಂಟು. ಚಳಿಗಾಲದ ಸರಕಿನಲ್ಲಿ ತುಂಬುತೋಳು ಸಿಗುತ್ತದೆ, ಬೇಸಿಗೆಯದ್ದರಲ್ಲಿ ಸಿಗುವುದಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ ಚಳಿಗಾಲದ ಸರಕು ಖಾಲಿ ಮಾಡುವಾಗ ತೆಳು ಹತ್ತಿಯ ಉದ್ದ ತೋಳಿನದ್ದನ್ನು ಹುಡುಕಿ ಇಟ್ಟುಕೊಳ್ಳಿ.

ಮೂರು, ಒಂದರ ಮೇಲೊಂದು ತೊಡಿಸುವ ಉಪಾಯ. ತೋಳಿಲ್ಲದ ಚಂದದ ಫ್ರಾಕ್ ಮಗಳಿಗೆ ಬಹಳ ಇಷ್ಟವಾದರೆ ಒಳಗೆ ತುಂಬುತೋಳಿನ ಹತ್ತಿ ಟೀ ಶರ್ಟ್, ಕೆಳಗೆ ಸಡಿಲ ಪ್ಯಾಂಟ್ ಅಥವಾ ಪಲಾಝೋ ಹಾಕಿದರೆ ಆಯಿತು. ಬೆಳ್ಳಗಿನ, ತೆಳು ಬಟ್ಟೆಗೆ ಲೈನಿಂಗ್ ಉಂಟಾ ನೋಡಿ, ಬಿಸಿಲಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಆದರೆ ಮೂರು ಪದರ ಹಾಕಿ ಮಗುವನ್ನು ಬೇಯಿಸಬೇಡಿ. ಕಾಟನ್, ಲಿನನ್, ವಿಸ್ಕೋಸ್ ಬೆವರಿಗೆ ಆಗುತ್ತದೆ. ನೆಟ್, ಚಮಕಿ, ಗಟ್ಟಿ ಪಾಲಿಯೆಸ್ಟರ್ ಎರಡು ಗಂಟೆಯ ಮದುವೆಗೆ ಸರಿ, ದಿನವಿಡೀ ಆಗುವುದಿಲ್ಲ.

ನಾಲ್ಕು, ಮಗಳನ್ನೇ ಕೇಳಿ. ಇದು ಎಲ್ಲದಕ್ಕಿಂತ ಮುಖ್ಯ. ಉದ್ದ ಎಷ್ಟಿರಬೇಕು, ತೋಳು ಎಲ್ಲಿಯವರೆಗೆ, ಬಿಗಿ ಎಷ್ಟು, ಬೆಲೆ ಎಷ್ಟು ಎಂಬ ಗೆರೆಯನ್ನು ಉಮ್ಮ ಉಪ್ಪ ಹಾಕಲಿ. ಆ ಗೆರೆಯ ಒಳಗೆ ಬಣ್ಣ, ಡಿಸೈನ್, ಬಟನ್, ಬೆಲ್ಟ್ ಎಲ್ಲವೂ ಅವಳ ಆಯ್ಕೆ. ನಿಮಗೆ ಆ ಕಿತ್ತಳೆ ಬಣ್ಣ ಇಷ್ಟ ಇಲ್ಲದಿದ್ದರೂ ಸುಮ್ಮನಿರಿ. ತಾನೇ ಆರಿಸಿದ ಉಡುಪನ್ನು ಮಗು ಸಂತೋಷದಿಂದ ಉಡುತ್ತದೆ. ಸಂತೋಷದಿಂದ ಉಟ್ಟದ್ದೇ ಅಭ್ಯಾಸವಾಗಿ ಉಳಿಯುತ್ತದೆ. ಬೈದು ಉಡಿಸಿದ್ದು ಬೈಯುವವರ ಕಣ್ಣೆದುರು ಇರುವಷ್ಟು ದಿನ ಮಾತ್ರ.

ಮದುವೆ ಮನೆಯ ಓಟ

ಖರ್ಚಿನ ವಿಷಯಕ್ಕೆ ಬರೋಣ. ಸೌದಿಯಲ್ಲಿ 2020ರ ಜುಲೈಯಿಂದ ವ್ಯಾಟ್ ಶೇಕಡಾ 15. ನೂರು ರಿಯಾಲಿನ ಉಡುಪಿಗೆ ಹದಿನೈದು ರಿಯಾಲ್ ತೆರಿಗೆಯೇ ಹೋಗುತ್ತದೆ. ಬಹರೈನಿನಲ್ಲಿ ಶೇಕಡಾ 10, ಯುಎಇ ಮತ್ತು ಒಮಾನಿನಲ್ಲಿ 5. ಹೀಗಿರುವಾಗ ಊರಿನ ಒಂದು ಮದುವೆಗೆ ಮೆಹಂದಿಗೊಂದು, ನಿಖಾಹ್‌ಗೊಂದು, ಔತಣಕ್ಕೊಂದು ಎಂದು ಎಂಟು ವರ್ಷದ ಮಗುವಿಗೂ ಮೂರು ಮೂರು ಗೌನು. ಕಸೂತಿಯ ಭಾರಕ್ಕೆ ಮಗುವಿಗೆ ನಡೆಯಲಿಕ್ಕೆ ಆಗುವುದಿಲ್ಲ, ಕುತ್ತಿಗೆ ತುರಿಸುತ್ತದೆ, ಊಟ ಚೆಲ್ಲಿದರೆ ಬೈಗುಳ. ಮುಂದಿನ ಮದುವೆಗೆ ಅದು ಆಗುವುದಿಲ್ಲ, "ಅದು ಎಲ್ಲರೂ ನೋಡಿದ್ದು" ಎಂಬ ಕಾರಣ.

ಮೈ ಪೂರ್ತಿ ಮುಚ್ಚಿದ್ದರೂ ಆ ಗೌನಿನಲ್ಲಿ ಹಯಾ ಉಂಟೇ ಎಂದು ಕೇಳಿಕೊಳ್ಳಬೇಕು. ನಮ್ಮ ತಿಳುವಳಿಕೆಯಲ್ಲಿ ಮಾನದ ಉಡುಪೆಂದರೆ ಎಷ್ಟು ಮುಚ್ಚಿತು ಎಂಬ ಲೆಕ್ಕ ಮಾತ್ರ ಅಲ್ಲ, ಎಷ್ಟು ಮೆರೆಯಿತು ಎಂಬ ಲೆಕ್ಕವೂ ಹೌದು. ಪಕ್ಕದ ಮನೆಯ ಬಡ ಹುಡುಗಿಯ ಮುಖ ಸಣ್ಣದು ಮಾಡುವ ಉಡುಪು ಎಷ್ಟು ಉದ್ದ ಇದ್ದರೂ ಗಿಡ್ಡವೇ. ಸಾಲ ಮಾಡಿ ಮಗಳಿಗೆ ಗೌನು ತೆಗೆದ ಉಪ್ಪ ಬೇಸಿಗೆಯಲ್ಲಿ ಓವರ್ ಟೈಮ್ ಮಾಡುತ್ತಾನೆ. ಆ ಬೆವರಿನ ಬೆಲೆ ಮಗಳಿಗೆ ಗೊತ್ತಾಗುವ ಹಾಗೆ ಬೆಳೆಸುವುದೂ ತರಬಿಯತ್.

ಹೊಲಿಗೆ ಯಂತ್ರ ಕೊಟ್ಟವರು ಕೆಲಸವನ್ನೂ ಕೊಡಲಿ

ಇಲ್ಲಿ ನಮ್ಮದೊಂದು ಸಲಹೆ ಉಂಟು. ನಮ್ಮ ಸಂಘಟನೆಗಳು ಊರಿನಲ್ಲಿ ಬಡ ಸಹೋದರಿಯರಿಗೆ ಹೊಲಿಗೆ ಯಂತ್ರ ವಿತರಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಒಳ್ಳೆಯ ಕೆಲಸ. ಆದರೆ ಯಂತ್ರ ಮನೆಗೆ ಬಂದ ಮೇಲೆ ಹೊಲಿಯಲಿಕ್ಕೆ ಬಟ್ಟೆಯೂ ಬರಬೇಕಲ್ಲ? ಒಂದು ಕಡೆ ಉಳ್ಳಾಲದಲ್ಲೋ ಉಪ್ಪಿನಂಗಡಿಯಲ್ಲೋ ಬಿ.ಸಿ.ರೋಡಿನಲ್ಲೋ ಚೆನ್ನಾಗಿ ಹೊಲಿಯಲಿಕ್ಕೆ ಬರುವ ಸಹೋದರಿ ಕೆಲಸ ಇಲ್ಲದೆ ಕೂತಿದ್ದಾಳೆ. ಇನ್ನೊಂದು ಕಡೆ ಶಾರ್ಜಾದಲ್ಲಿ ನಮ್ಮ ಕುಟುಂಬ ಮಗಳಿಗೆ ಸರಿಯಾದ ಉಡುಪು ಸಿಗದೆ ಅಂಗಡಿ ಅಂಗಡಿ ಸುತ್ತುತ್ತಿದೆ. ಈ ಇಬ್ಬರನ್ನು ಸೇರಿಸಿದರೆ ಆಯಿತಲ್ಲ!

ಹತ್ತು ವರ್ಷದ ಮಗುವಿನ ಮೊಣಕಾಲು ದಾಟುವ ಕುರ್ತಾಕ್ಕೆ ಎರಡು ಮೀಟರ್ ಬಟ್ಟೆ ಧಾರಾಳ ಸಾಕು. ಬಟ್ಟೆ ಬೇಕಾದರೆ ಮೀನಾ ಬಜಾರಿನಿಂದ ಕಳಿಸಿ, ಬೇಡವಾದರೆ ಮಂಗಳೂರಿನಲ್ಲೇ ತೆಗೆಯಲಿ. ಅಳತೆ ವಾಟ್ಸ್‌ಆ್ಯಪಿನಲ್ಲಿ ಹೋಗುತ್ತದೆ, ಮಾದರಿಯ ಫೋಟೋವೂ ಹೋಗುತ್ತದೆ. ತೋಳು ಮಗಳಿಗೆ ಬೇಕಾದ ಹಾಗೆ, ಉದ್ದ ನಿಮಗೆ ಬೇಕಾದ ಹಾಗೆ. ಅಂಚಿನಲ್ಲಿ ಎರಡು ಇಂಚು ಮಡಚಿ ಹೊಲಿಯಲಿಕ್ಕೆ ಹೇಳಿದರೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಜೇಬೂ ಇಡಲಿಕ್ಕೆ ಹೇಳಿ, ಹುಡುಗಿಯರಿಗೆ ಅದು ಬಹಳ ಖುಷಿ. ರಜೆ ಮುಗಿಸಿ ಬರುವ ಯಾರಾದರೂ ಗೆಳೆಯರ ಬ್ಯಾಗಿನಲ್ಲಿ ನಾಲ್ಕು ಉಡುಪಿಗೆ ಜಾಗ ಇದ್ದೇ ಇರುತ್ತದೆ. ಘಟಕಗಳು ಮನಸ್ಸು ಮಾಡಿದರೆ ಪೆರ್ನಾಲ್‌ಗೆ ಮೂರು ತಿಂಗಳು ಇರುವಾಗಲೇ ಒಟ್ಟಿಗೆ ಆರ್ಡರ್ ಕೊಡಬಹುದು. ಹೊಲಿಗೆಯ ಕೂಲಿ ಮಾತ್ರ ನ್ಯಾಯವಾಗಿ ಕೊಡಬೇಕು. "ನಮ್ಮವರೇ ಅಲ್ವಾ" ಎಂದು ಚೌಕಾಸಿ ಮಾಡಬಾರದು. ಇದು ಝಕಾತ್ ಅಲ್ಲ, ಸದಖ ಅಲ್ಲ, ದುಡಿಮೆ. ಬೆವರು ಒಣಗುವ ಮುಂಚೆ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ಕಂಪೆನಿಯ ಮುದೀರನಿಗೆ ನೆನಪಿಸುವ ನಾವು ಅದನ್ನು ನಮ್ಮ ದರ್ಜಿ ಸಹೋದರಿಗೂ ಅನ್ವಯಿಸಬೇಕು.

ಇನ್ನೊಂದು, ಮಕ್ಕಳು ಬೇಗ ಬೆಳೆಯುತ್ತಾರೆ, ಹಬ್ಬದ ಉಡುಪು ಎರಡು ಮೂರು ಸಲ ಉಡುವುದರೊಳಗೆ ಸಣ್ಣದಾಗುತ್ತದೆ. ಕುಟುಂಬ ಸಮ್ಮೇಳನ ಮಾಡುವಾಗ ಒಂದು ಮೂಲೆಯಲ್ಲಿ ಒಗೆದು ಇಸ್ತ್ರಿ ಹಾಕಿದ ಒಳ್ಳೆಯ ಉಡುಪುಗಳನ್ನು ಅಳತೆವಾರು ಇಟ್ಟು, ಬೇಕಾದವರು ಬದಲಾಯಿಸಿಕೊಳ್ಳುವ ಏರ್ಪಾಡು ಮಾಡಬಹುದು. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂದು ಮೈಕಿನಲ್ಲಿ ಹೇಳದಿದ್ದರೆ ಸಾಕು.

ಓಡುವ ಮಕ್ಕಳಿಗೆ ಉಡುಪು ಅಡ್ಡ ಬರಬಾರದು

ಹತ್ತು ಹನ್ನೊಂದು ವರ್ಷಕ್ಕೆ ನಮ್ಮ ಎಷ್ಟೋ ಹುಡುಗಿಯರು ಆಟ ಬಿಡುತ್ತಾರೆ. ಕಾರಣ ಕೇಳಿದರೆ ಬಟ್ಟೆ. ಈಜಿನ ಉಡುಪು ಆಗುವುದಿಲ್ಲ, ಕ್ರೀಡಾ ದಿನದ ಚಡ್ಡಿ ಆಗುವುದಿಲ್ಲ. ಹಾಗಾಗಿ ಆಟವೇ ಬೇಡ. ಇದು ನ್ಯಾಯ ಅಲ್ಲ. ಪ್ರವಾದಿಯವರು (ಸ) ಆಯಿಷಾ (ರ) ಅವರ ಜೊತೆ ಓಟದ ಪಂದ್ಯ ಮಾಡಿದ್ದು ಹದೀಸಿನಲ್ಲಿಯೇ ಉಂಟು.

ಆಸ್ಟ್ರೇಲಿಯಾದಲ್ಲಿ ಲೆಬನಾನ್ ಮೂಲದ ಆಹೆದಾ ಝಾನೆಟ್ಟಿ ಎಂಬವರು 2004ರಲ್ಲಿ ತಮ್ಮ ಬಂಧುವಿನ ಸಣ್ಣ ಹುಡುಗಿ ಹಿಜಾಬ್ ಮತ್ತು ದಪ್ಪ ಬಟ್ಟೆಗಳಲ್ಲಿ ನೆಟ್‌ಬಾಲ್ ಆಡಲಿಕ್ಕೆ ಪಡುವ ಪಾಡು ನೋಡಿದರು. ಹುಡುಗಿಯನ್ನು ಆಟದಿಂದ ಬಿಡಿಸುವ ಬದಲು ಅವಳಿಗೆ ಆಗುವ ಉಡುಪು ಮಾಡಲಿಕ್ಕೆ ಕೂತರು. ಅದೇ ಮುಂದೆ ಬುರ್ಕಿನಿ ಎಂಬ ಈಜುಡುಪಿಗೆ ದಾರಿ ಮಾಡಿತು. ಅಮೆರಿಕದ ಇಬ್ತಿಹಾಜ್ ಮುಹಮ್ಮದ್ 2016ರ ರಿಯೋ ಒಲಿಂಪಿಕ್ಸಿನಲ್ಲಿ ಹಿಜಾಬ್ ಧರಿಸಿಯೇ ಕತ್ತಿವರಸೆಯಲ್ಲಿ ಕಂಚಿನ ಪದಕ ಗೆದ್ದರು. ಮೈ ಪೂರ್ತಿ ಮುಚ್ಚುವ ಉಡುಪಿನ ಆಟ ಎಂಬುದು ಆ ಆಟಕ್ಕೆ ಅವರು ಬರಲು ಒಂದು ಕಾರಣ. ಮಾನದ, ಚಂದದ, ಕೈಗೆಟಕುವ ಉಡುಪು ಸಿಗುವುದಿಲ್ಲವೆಂದು ಒಡಹುಟ್ಟಿದವರ ಜೊತೆ ಸೇರಿ 2014ರಲ್ಲಿ ಬಟ್ಟೆಯ ವ್ಯಾಪಾರವನ್ನೂ ಶುರು ಮಾಡಿದ್ದರು. ಅಂದರೆ ಅಂಗಡಿಯಲ್ಲಿ ಇಲ್ಲ ಎಂಬುದು ಮಾತಿನ ಕೊನೆ ಅಲ್ಲ. ಇಲ್ಲದಿದ್ದರೆ ಮಾಡಬೇಕು.

ನಮ್ಮ ಮಟ್ಟಿಗೆ ಒಲಿಂಪಿಕ್ಸ್ ಬೇಡ. ಶಾಲೆಯ ಟೀಚರಲ್ಲಿ ಮರ್ಯಾದೆಯಿಂದ ಹೋಗಿ, ಮಗಳು ಸಮವಸ್ತ್ರದ ಬಣ್ಣದ್ದೇ ಟ್ರ್ಯಾಕ್ ಪ್ಯಾಂಟ್, ತುಂಬುತೋಳಿನ ಟೀ ಶರ್ಟ್ ಹಾಕಿ ಓಡಬಹುದೇ ಎಂದು ಕೇಳಿ. ಮನೆಯಲ್ಲಿ ಕೂತು ಶಾಲೆಯನ್ನು ಬೈಯುವ ಮುಂಚೆ ಒಮ್ಮೆ ಹೋಗಿ ಕೇಳಿದರೆ ಸುಲಭವಾಗಿ ಮುಗಿಯುವ ವಿಷಯಗಳು ಇವು.

ಊರಿನ ಕಣ್ಣು

2017ರ ಜುಲೈಯಲ್ಲಿ ಸೌದಿಯಲ್ಲಿ ಕುಟುಂಬದವರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ನಮ್ಮ ಎಷ್ಟೋ ಕುಟುಂಬಗಳು ಗಂಟು ಮೂಟೆ ಕಟ್ಟಿ ಊರಿಗೆ ಹೋದವು. ದಮ್ಮಾಮಿನಲ್ಲೋ ಜುಬೈಲಿನಲ್ಲೋ ಉದ್ದ ಟಾಪ್, ಸಡಿಲ ಜೀನ್ಸ್, ತಲೆಗೆ ಬಣ್ಣದ ಶಾಲು ಹಾಕಿ ಬೆಳೆದ ಹುಡುಗಿ ಪುತ್ತೂರಿನ ಒಳಗಿನ ಹಳ್ಳಿಗೆ ಬಂದಾಗ ಒಬ್ಬರು "ಎಂತ ಇದು ಪ್ಯಾಂಟ್" ಎನ್ನುತ್ತಾರೆ, ಇನ್ನೊಬ್ಬರು "ಗಲ್ಫಿನವರಿಗೆ ದೀನ್ ಇಲ್ಲ" ಎನ್ನುತ್ತಾರೆ. ಶಾಲೆಗೆ ಹೋದರೆ ಅಲ್ಲಿ ತಲೆಯ ಶಾಲಿನ ಬಗ್ಗೆ ಮಾತು. ನಡುವೆ ಸಿಕ್ಕಿಕೊಂಡವಳು ಹನ್ನೆರಡು ವರ್ಷದ ಮಗು.

2022ರಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದು ಯಾರಿಗೂ ಮರೆತಿಲ್ಲ. ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಆ ತಿಂಗಳುಗಳಲ್ಲಿ ನಮ್ಮ ಹೆಣ್ಣುಮಕ್ಕಳ ತಲೆಯ ಮೇಲಿನ ಒಂದು ಮೀಟರ್ ಬಟ್ಟೆಯ ಬಗ್ಗೆ ಇಡೀ ದೇಶ ಮಾತಾಡಿತು. ಗೇಟಿನ ಹೊರಗೆ ನಿಂತ ಹುಡುಗಿಗೆ ಪರೀಕ್ಷೆ ಬರೆಯಲಿಕ್ಕೆ ಆಗುತ್ತದಾ ಎಂದು ಕೇಳಿದವರು ಕಡಿಮೆ. ಎಂತ ಉಡಬಾರದು ಎಂದು ಸರಕಾರ ಅವಳಿಗೆ ಹೇಳಿದಾಗ ನಮಗೆ ನೋವಾಯಿತು. ಅವಳ ಉಡುಪು, ಅವಳ ವಿಶ್ವಾಸ, ಅವಳ ತೀರ್ಮಾನ ಎಂದು ನಾವೆಲ್ಲರೂ ಹೇಳಿದೆವು. ಸರಿಯಾಗಿಯೇ ಹೇಳಿದೆವು. ಅದೇ ಮಾತನ್ನು ಮನೆಯ ಒಳಗೂ ಹೇಳಬೇಕು. ಹೊರಗೆ ಅವಳ ಆಯ್ಕೆ ಎಂದು ವಾದಿಸಿ ಒಳಗೆ ಅವಳ ಬಾಯಿ ಮುಚ್ಚಿಸಿದರೆ ನಮ್ಮ ವಾದಕ್ಕೆ ಬಲ ಎಲ್ಲಿಂದ ಬರುತ್ತದೆ?

ಇದೇ ಜಾಗದಲ್ಲಿ ಗಂಡುಮಕ್ಕಳ ಮಾತೂ ಬರಬೇಕು. ಕುರ್‌ಆನಿನ 24ನೇ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸಲಿಕ್ಕೆ ಹೇಳಿದ್ದು ಮೊದಲು ಗಂಡಸರಿಗೆ, ನಂತರದ ವಚನದಲ್ಲಿ ಹೆಂಗಸರಿಗೆ. ತಂಗಿಯ ತೋಳು ಅಳೆಯುವ ಅಣ್ಣ ತನ್ನ ಮೊಬೈಲಿನಲ್ಲಿ ಎಂತ ನೋಡುತ್ತಾನೆ ಎಂದು ಯಾರಾದರೂ ಕೇಳುತ್ತಾರಾ? ಮೊಣಕಾಲಿನ ಮೇಲಿನ ಚಡ್ಡಿಯಲ್ಲಿ ಪೇಟೆ ಸುತ್ತುವ ಮಗನಿಗೆ ಔರತ್ತಿನ ಪಾಠ ಯಾರಾದರೂ ಮಾಡುತ್ತಾರಾ? ಮಾನ ಮರ್ಯಾದೆಯ ಭಾರವನ್ನು ಪೂರ್ತಿ ಹೆಣ್ಣುಮಗುವಿನ ಹೆಗಲಿಗೆ ಹಾಕಿ ಗಂಡುಮಗುವನ್ನು ಬಿಟ್ಟುಬಿಟ್ಟರೆ ಅದು ದೀನ್ ಅಲ್ಲ, ಊರಿನ ಚಾಳಿ.

ಆದ್ದರಿಂದ ಈ ಸಲ ಪೆರ್ನಾಲ್ ಖರೀದಿಗೆ ಹೊರಡುವ ಮುಂಚೆ ಮಗಳ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಊರಿನಲ್ಲಿರುವವಳಾದರೆ ವೀಡಿಯೋ ಕಾಲ್ ಮಾಡಿ. ಇಷ್ಟು ದಿರ್ಹಂ ಉಂಟು, ಇಷ್ಟು ಉದ್ದ ಬೇಕು, ಉಳಿದದ್ದು ನಿನ್ನ ಇಷ್ಟ ಎಂದು ಹೇಳಿ. ಅವಳು ಎಂತ ಕೇಳುತ್ತಾಳೋ ಪೂರ್ತಿ ಕೇಳಿಸಿಕೊಳ್ಳಿ. ಅಂಗಡಿಯಲ್ಲಿ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಊರಿನಲ್ಲಿ ಹೊಲಿಗೆ ಯಂತ್ರದ ಎದುರು ಕೂತ ಸಹೋದರಿಯ ನಂಬರ್ ಘಟಕದ ಯಾರಲ್ಲಾದರೂ ಇದ್ದೇ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಮತ್ತೆ ಹಬ್ಬದ ಬೆಳಿಗ್ಗೆ ಅವಳು ಉಟ್ಟು ಬಂದು ಎದುರು ನಿಂತಾಗ, ತೋಳು ಸರಿ ಉಂಟಾ, ಶಾಲು ಸರಿ ಉಂಟಾ ಎಂದು ನೋಡುವ ಮುಂಚೆ, ಚಂದ ಉಂಟು ಮಗಳೇ ಎಂದು ಒಂದು ಮಾತು ಹೇಳಿ.